ಎಂಬಿಬಿಎಸ್ ಸೀಟಿನಿಂದ ತಜ್ಞ ವೈದ್ಯರಾಗುವವರೆಗೆ: ಹಾಸನ, ಚಿಕ್ಕಮಗಳೂರಿನ ಮಕ್ಕಳಿಗೊಂದು ಸಮಗ್ರ ಮಾರ್ಗದರ್ಶಿ

ನೀಟ್ ಫಲಿತಾಂಶ ಬಂದ ವಾರ ನನ್ನ ಫೋನಿಗೆ ಬಿಡುವಿರುವುದಿಲ್ಲ. ಅರಕಲಗೂಡು, ಜಾವಗಲ್, ಬೇಲೂರು, ಆಚೆ ಮೂಡಿಗೆರೆ, ಕಡೂರು, ಎಲ್ಲಿಂದಲೋ ಯಾರೋ ನಂಬರ್ ಹುಡುಕಿ ಕರೆ ಮಾಡುತ್ತಾರೆ. ‘ಮೇಡಂ, ನಮ್ಮ ಹುಡುಗನಿಗೆ ಇಷ್ಟು ಮಾರ್ಕ್ಸ್ ಬಂದೈತೆ. ಯಾವ ಕಾಲೇಜು ಹಾಕ್ಸೋದು?’ ನಾನು ಹಾಸನದಲ್ಲಿ ಅರಿವಳಿಕೆ ತಜ್ಞೆ. ಕರೆ ಬರುವ ಹೊತ್ತಿಗೆ ಹೆಚ್ಚಾಗಿ ಆಪರೇಷನ್ ಥಿಯೇಟರಿನಲ್ಲಿರುತ್ತೇನೆ. ಹೊರಗೆ ಬಂದು ಐದು ನಿಮಿಷದಲ್ಲಿ ತೋಚಿದ್ದನ್ನು ಹೇಳಿ ಇಟ್ಟುಬಿಡುತ್ತಿದ್ದೆ. ಈ ಸಲ ನನ್ನ ಅಣ್ಣನ ಮಗಳೇ ದ್ವಿತೀಯ ಪಿಯುಸಿಗೆ ಬಂದಿದ್ದಾಳೆ. ಹಳೇಬೀಡಿನ ಹತ್ತಿರದ ನಮ್ಮೂರಿನ ಮನೆ ಜಗಲಿಯಲ್ಲಿ ಕೂತು, ‘ಅತ್ತೆ, ಮೊದಲಿಂದ ಹೇಳಿ, ನಾನು ಬರ್ಕೋತೀನಿ’ ಅಂದಳು. ಎರಡು ದಿನ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಇಡೀ ದಾರಿಯ ಉದ್ದ ಎಷ್ಟು, ಮನೆಯವರೆಲ್ಲ ಕೂತು ಲೆಕ್ಕ ಹಾಕಿ

ಎಂಬಿಬಿಎಸ್ ಓದು ನಾಲ್ಕೂವರೆ ವರ್ಷ, ಅದರ ಮೇಲೆ ಒಂದು ವರ್ಷ ಕಡ್ಡಾಯ ಇಂಟರ್ನ್‌ಶಿಪ್. ಹದಿನೆಂಟಕ್ಕೆ ಸೇರಿದವರು ಅದನ್ನು ಮುಗಿಸುವಾಗ ಇಪ್ಪತ್ಮೂರೂವರೆ, ಇಪ್ಪತ್ನಾಲ್ಕು. ಆಮೇಲೆ ನೀಟ್ ಪಿಜಿ. ಮೊದಲ ಸಲವೇ ಬೇಕಾದ ವಿಭಾಗ ಸಿಕ್ಕರೆ ಪುಣ್ಯ. ಬಹಳ ಮಂದಿ ಒಂದು ವರ್ಷ, ಎರಡು ವರ್ಷ ಬರೀ ಅದಕ್ಕೇ ಓದುತ್ತಾರೆ. ಎಂಡಿ ಅಥವಾ ಎಂಎಸ್ ಮೂರು ವರ್ಷ. ಅಲ್ಲಿಗೆ ವಯಸ್ಸು ಇಪ್ಪತ್ತೆಂಟರ ಆಸುಪಾಸು. ಹೃದಯ ತಜ್ಞ, ನರರೋಗ ತಜ್ಞ, ಕಿಡ್ನಿ ತಜ್ಞ ಅಂತ ಬೋರ್ಡು ಹಾಕಬೇಕಾದರೆ ಇನ್ನೊಂದು ಪ್ರವೇಶ ಪರೀಕ್ಷೆ ಬರೆದು ಇನ್ನೂ ಮೂರು ವರ್ಷದ ಡಿಎಂ ಅಥವಾ ಎಂಸಿಎಚ್ ಮಾಡಬೇಕು.

ಇದನ್ನು ಮೊದಲು ಹೇಳುವುದಕ್ಕೆ ಕಾರಣವಿದೆ. ಹೆಚ್ಚಿನ ಅಪ್ಪ ಅಮ್ಮಂದಿರ ಲೆಕ್ಕ ಎಂಬಿಬಿಎಸ್‌ಗೇ ನಿಲ್ಲುತ್ತದೆ. ಕೈಯಲ್ಲಿದ್ದದ್ದನ್ನೆಲ್ಲ ಅಲ್ಲೇ ಸುರಿದು, ಪಿಜಿ ಹೊತ್ತಿಗೆ ಬರಿಗೈಯಾಗುತ್ತಾರೆ. ಹೆಣ್ಣುಮಕ್ಕಳ ಮನೆಯಲ್ಲಿ ಇನ್ನೊಂದು ಮಾತಿರುತ್ತದೆ: ಮದುವೆ ಯಾವಾಗ? ಆ ಮಾತನ್ನು ಈಗಲೇ, ಮಗಳ ಮುಂದೆಯೇ ಆಡಿ ಮುಗಿಸಿ. ಪಿಜಿಗೆ ಓದುವ ವರ್ಷ ಗಂಡು ನೋಡಲು ಬಂದವರಿಗೆ ಕಾಫಿ ಕೊಡುತ್ತಾ ರ‍್ಯಾಂಕು ಕಳೆದುಕೊಂಡ ಜಾಣೆಯರನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನಗೆ ಆ ನೋವು ಇನ್ನೂ ಹೋಗಿಲ್ಲ.

ಹೆಜ್ಜೆ 2: ಪರೀಕ್ಷೆಗೆ ಮೊದಲೇ ಕಾಗದಪತ್ರ

ಒಂದರಿಂದ ಹತ್ತರವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ರಾಜ್ಯದ ಕೋಟಾದಲ್ಲಿ ಶೇ. 15 ಗ್ರಾಮೀಣ ಮೀಸಲಾತಿ ಇದೆ. ಅದೇ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5. ನಮ್ಮ ಎರಡು ಜಿಲ್ಲೆಯ ಎಷ್ಟೋ ಮಕ್ಕಳಿಗೆ ಇವೆರಡೂ ಅನ್ವಯಿಸುತ್ತವೆ. ಕಟಾಫ್ ಪಟ್ಟಿಯಲ್ಲಿ ಜಿಎಂ (ಸಾಮಾನ್ಯ ವರ್ಗ), 2ಎ, 3ಎ ಮುಂತಾದ ಗುಂಪಿನ ಮುಂದೆ ಆರ್ ಅಂತ ಇದ್ದರೆ ಗ್ರಾಮೀಣ, ಕೆ ಅಂತ ಇದ್ದರೆ ಕನ್ನಡ ಮಾಧ್ಯಮ. ಪಟ್ಟಿ ನೋಡುವಾಗ ನಿಮ್ಮ ಗುಂಪಿನ ಆ ಸಾಲನ್ನೇ ನೋಡಿ.

ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿ ಸಾಲದು, ಕ್ಷೇತ್ರ ಶಿಕ್ಷಣಾಧಿಕಾರಿಗಳ, ಅಂದರೆ ಬಿಇಒ ಅವರ ಮೇಲುಸಹಿಯೂ ಬೇಕು. ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಆಗ ಸಿಇಟಿ ಕಾಲ. ದಾಖಲೆ ಪರಿಶೀಲನೆಗೆ ಅಪ್ಪನ ಜೊತೆ ಬೆಂಗಳೂರಿಗೆ ಹೋಗಿದ್ದೆ. ಹೆಡ್‌ಮಾಸ್ಟರ್ ಸಹಿ ಇತ್ತು, ಬಿಇಒ ಸಹಿ ಇರಲಿಲ್ಲ. ನಾನೇ ಫಾರಂ ಸರಿಯಾಗಿ ಓದಿರಲಿಲ್ಲ. ಅಪ್ಪ ರಾತ್ರಿ ಬಸ್ಸು ಹತ್ತಿ ಬೇಲೂರಿಗೆ ಬಂದರು. ಆದರೆ ಸಹಿ ಹಾಕಿಸಿಕೊಂಡು ಮತ್ತೆ ಬರುವಷ್ಟರಲ್ಲಿ ನನ್ನ ಸರದಿ ದಾಟಿತ್ತು. ಗ್ರಾಮೀಣ ಕೋಟಾ ಇಲ್ಲದೆ ಸಿಕ್ಕ ಸರ್ಕಾರಿ ಸೀಟು ದೂರದ ಜಿಲ್ಲೆಯದು. ಮನೆಗೆ ಬರಬೇಕಾದರೆ ಹನ್ನೊಂದು ಗಂಟೆ ಪ್ರಯಾಣ. ಆಮೇಲೆ ಆ ಕಾಲೇಜನ್ನು ನಾನು ಪ್ರೀತಿಸಿದೆ ನಿಜ. ಆದರೂ ಮಣಿಪಾಲ್ ಫೈಲು ಕಂಕುಳಲ್ಲಿಟ್ಟುಕೊಂಡು ಅಪ್ಪ ಬಸ್ಸಿಗೆ ಓಡಿದ ಚಿತ್ರ ಮರೆಯುವುದಿಲ್ಲ.

ಹಾಗಾಗಿ ಡಿಸೆಂಬರ್ ರಜೆಯಲ್ಲೇ ಇವನ್ನು ಕೈಗೆ ತೆಗೆದುಕೊಳ್ಳಿ: ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ವ್ಯಾಸಂಗ ಪ್ರಮಾಣಪತ್ರ, ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿದ ಪ್ರಮಾಣಪತ್ರ, ನಾಡಕಚೇರಿಯಿಂದ ಆರ್‌ಡಿ ನಂಬರ್ ಇರುವ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಆಧಾರ್‌ನಲ್ಲಿರುವ ಹೆಸರು, ಇನಿಷಿಯಲ್, ಹುಟ್ಟಿದ ದಿನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಅಕ್ಷರ ಅಕ್ಷರ ಹೊಂದಬೇಕು. ಒಂದು ಸೂಕ್ಷ್ಮವನ್ನು ಬಹಳ ಜನ ತಪ್ಪಿಸಿಕೊಳ್ಳುತ್ತಾರೆ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿ ಬೇರೆ, ಕೇಂದ್ರದ ಒಬಿಸಿ ಪಟ್ಟಿ ಬೇರೆ. ಅಖಿಲ ಭಾರತ ಕೋಟಾಕ್ಕೆ ಕೇಂದ್ರದ ನಮೂನೆಯಲ್ಲೇ ಪ್ರಮಾಣಪತ್ರ ಬೇಕು. ನಿಮ್ಮ ಜಾತಿ ಅದರಲ್ಲಿ ಇದೆಯೋ ಇಲ್ಲವೋ ಮೊದಲು ನೋಡಿಕೊಳ್ಳಿ.

ಹೆಜ್ಜೆ 3: ನೀಟ್

ಇದರ ಬಗ್ಗೆ ಕೋಚಿಂಗ್ ಕೇಂದ್ರಗಳು ಸಾಕಷ್ಟು ಹೇಳುತ್ತವೆ, ನಾನು ಚುಟುಕಾಗಿ ಮುಗಿಸುತ್ತೇನೆ. 180 ಪ್ರಶ್ನೆ, ಮೂರು ಗಂಟೆ, 720 ಅಂಕ. ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90. ಸರಿ ಉತ್ತರಕ್ಕೆ ನಾಲ್ಕು ಅಂಕ ಸೇರುತ್ತದೆ, ತಪ್ಪಿಗೆ ಒಂದು ಕಳೆಯುತ್ತದೆ. ಆ ವರ್ಷದ ಡಿಸೆಂಬರ್ 31ಕ್ಕೆ ಹದಿನೇಳು ತುಂಬಿರಬೇಕು. ಅರ್ಧ ಪರೀಕ್ಷೆಯೇ ಜೀವಶಾಸ್ತ್ರ, ಅದರಲ್ಲಿ ಎನ್‌ಸಿಇಆರ್‌ಟಿ ಪುಸ್ತಕದ ಸಾಲು ಸಾಲೂ ಮುಖ್ಯ. ನಮ್ಮ ಕಡೆ ಮಕ್ಕಳು ಸೋಲುವುದು ಹೆಚ್ಚಾಗಿ ಭೌತಶಾಸ್ತ್ರದಲ್ಲಿ. ಅದನ್ನು ಪ್ರಥಮ ಪಿಯುಸಿಯಿಂದಲೇ ಹಿಡಿಯಬೇಕು.

ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಆದರೆ ಎಂಬಿಬಿಎಸ್ ಪಾಠ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಬಂದ ನನಗೆ ಮೊದಲ ಮೂರು ತಿಂಗಳು ಅನಾಟಮಿ ಪುಸ್ತಕದ ಒಂದು ಪುಟಕ್ಕೆ ಒಂದು ಗಂಟೆ ಹಿಡಿಯುತ್ತಿತ್ತು. ನಾಲ್ಕನೇ ತಿಂಗಳಿಗೆ ಸರಿಹೋಯಿತು. ಆ ಭಯದಿಂದ ಯಾರೂ ಹಿಂದೆ ಸರಿಯಬೇಡಿ. ವಾರ್ಡಿನಲ್ಲಿ ರೋಗಿಯ ಹತ್ತಿರ ಕೂತು ‘ಯಾವತ್ತಿಂದ ನೋಯ್ತಿದೆ ಅಜ್ಜಿ’ ಅಂತ ಕೇಳುವಾಗ ಇಡೀ ಬ್ಯಾಚಿನಲ್ಲಿ ಮುಂದಿದ್ದವರು ನಾವೇ.

ನೀಟ್ ಅರ್ಜಿ ಹಾಕಿದರೆ ಮುಗಿಯಲಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ, ಅಂದರೆ ಕೆಇಎದ ಅರ್ಜಿ ಬೇರೆ, ಅಖಿಲ ಭಾರತ ಕೋಟಾ ನೋಡಿಕೊಳ್ಳುವ ಎಂಸಿಸಿಯ ನೋಂದಣಿ ಬೇರೆ. ಮೂರನ್ನೂ ಮಾಡಬೇಕು.

ಹೆಜ್ಜೆ 4: ಯಾವ ಸೀಟು, ಎಷ್ಟು ದುಡ್ಡು

ಸರ್ಕಾರಿ ಕಾಲೇಜಿನ ಶೇ. 85 ಸೀಟು ಕೆಇಎ ಮೂಲಕ ನಮ್ಮ ರಾಜ್ಯದವರಿಗೆ, ಶೇ. 15 ಎಂಸಿಸಿ ಮೂಲಕ ಇಡೀ ದೇಶದವರಿಗೆ. ಏಮ್ಸ್, ಜಿಪ್ಮರ್ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳೂ ಎಂಸಿಸಿಯದೇ. ಖಾಸಗಿ ಕಾಲೇಜಿನ ಸೀಟುಗಳನ್ನು ಕೆಇಎ ನಾಲ್ಕು ಅಕ್ಷರದಲ್ಲಿ ಗುರುತಿಸುತ್ತದೆ: ಜಿ ಅಂದರೆ ಸರ್ಕಾರಿ ಕೋಟಾ, ಪಿ ಅಂದರೆ ಖಾಸಗಿ, ಎನ್ ಅಂದರೆ ಅನಿವಾಸಿ ಭಾರತೀಯರದು, ಕ್ಯೂ ಅಂದರೆ ಇತರೆ. ಒಂದೇ ಕಾಲೇಜು, ಒಂದೇ ಬೆಂಚು, ಅಕ್ಷರ ಬದಲಾದರೆ ಶುಲ್ಕ ನೆಲಕ್ಕೂ ಮುಗಿಲಿಗೂ.

ಸರ್ಕಾರಿ ಕಾಲೇಜಿನ ಶುಲ್ಕ ವರ್ಷಕ್ಕೆ ಸಾವಿರಗಳ ಲೆಕ್ಕದಲ್ಲೇ ಮುಗಿಯುತ್ತದೆ. ಖಾಸಗಿಯ ಜಿ ಸೀಟಿಗೆ ಒಂದೂವರೆ ಲಕ್ಷದ ಆಸುಪಾಸು. ಪಿ ಸೀಟಿಗೆ ಹತ್ತು, ಹನ್ನೆರಡು ಲಕ್ಷ. ಕ್ಯೂ ಮತ್ತು ಎನ್ ಅದಕ್ಕೂ ಎಷ್ಟೋ ಮೇಲೆ. ಹಾಸ್ಟೆಲ್, ಊಟ, ಪುಸ್ತಕ ಇದರ ಮೇಲಿನದು.

ಪಿ ಸೀಟಿಗೆ ಹಾಕುವ ಮುನ್ನ ಒಂದು ಸಂಜೆ ಕಾಗದ ಪೆನ್ನು ಹಿಡಿದು ಕೂರಿ. ವರ್ಷಕ್ಕೆ ಹನ್ನೊಂದು ಲಕ್ಷವಾದರೆ ನಾಲ್ಕೂವರೆ ವರ್ಷಕ್ಕೆ ಐವತ್ತು ಲಕ್ಷದ ಹತ್ತಿರ. ಸಾಲವಾದರೆ ಓದುವಾಗಲೂ ಬಡ್ಡಿ ಬೆಳೆಯುತ್ತಿರುತ್ತದೆ. ಎಂಬಿಬಿಎಸ್ ಮುಗಿಸಿದ ಮೇಲೆ ಸಿಗುವ ಸಂಬಳದಲ್ಲಿ ಆ ಕಂತು ಕಟ್ಟುವುದು ಕಷ್ಟ, ಕಟ್ಟುತ್ತಾ ಪಿಜಿಗೆ ಓದುವುದು ಇನ್ನೂ ಕಷ್ಟ. ಶುಂಠಿಗೆ ರೇಟು ಬಂದ ವರ್ಷದ ಧೈರ್ಯದಲ್ಲಿ ಪಿ ಸೀಟು ತೆಗೆದುಕೊಂಡು, ಮುಂದಿನ ವರ್ಷ ಕೊಳೆರೋಗಕ್ಕೆ ಬೆಳೆ ಹೋಗಿ ಕಾಫಿ ತೋಟ ಅಡವಿಟ್ಟವರು ನನಗೆ ಗೊತ್ತು. ನನ್ನ ಸ್ಪಷ್ಟ ಅಭಿಪ್ರಾಯ: ಜಮೀನು ಮಾರಿ ಪಿ ಸೀಟು ಬೇಡ. ಒಂದು ವರ್ಷ ಮತ್ತೆ ಓದಿ ಸರ್ಕಾರಿ ಸೀಟಿಗೆ ಪ್ರಯತ್ನಿಸುವುದು ಮೇಲು. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ನಿಗಮಗಳ ಅರಿವು ಸಾಲದ ಬಗ್ಗೆ ಜಿಲ್ಲಾ ಕಚೇರಿಯಲ್ಲೇ ಕೇಳಿ.

ಹೆಜ್ಜೆ 5: ಕಾಲೇಜು ನೋಡುವುದು ಹೇಗೆ

ಇಲ್ಲಿ ಸ್ವಲ್ಪ ನಿಲ್ಲೋಣ. ಕಾಲೇಜು ನೋಡಲು ಹೋದವರು ಸಾಮಾನ್ಯವಾಗಿ ಗೇಟು, ಆಡಿಟೋರಿಯಂ, ಹಾಸ್ಟೆಲ್ಲಿನ ಮೆಸ್ಸು ನೋಡಿ ಬರುತ್ತಾರೆ. ನೀವು ಮೊದಲು ಆಸ್ಪತ್ರೆಗೆ ಹೋಗಿ. ಅದೂ ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ, ರೋಗಿಯ ಸಂಬಂಧಿಕರ ಹಾಗೆ. ಚೀಟಿ ಮಾಡಿಸುವ ಸಾಲು ಎಷ್ಟು ಉದ್ದವಿದೆ? ವಾರ್ಡಿನ ಮಂಚಗಳಲ್ಲಿ ಜನ ಇದ್ದಾರೆಯೇ, ಬಿಳಿ ಹಾಸು ಮಡಿಸಿಟ್ಟ ಹಾಗೇ ಇದೆಯೇ? ಸಂಜೆ ಏಳರ ಮೇಲೆ ಕ್ಯಾಶುಯಲ್ಟಿ ಬಾಗಿಲಲ್ಲಿ ಅರ್ಧ ಗಂಟೆ ನಿಂತರೆ ಎಷ್ಟು ಆಂಬ್ಯುಲೆನ್ಸ್ ಬರುತ್ತವೆ? ವೈದ್ಯವಿದ್ಯೆ ಕಲಿಯುವುದು ರೋಗಿಯನ್ನು ಮುಟ್ಟಿ. ರೋಗಿಯೇ ಇಲ್ಲದ ಕಡೆ ಎಂಥ ಕಟ್ಟಡವಿದ್ದರೇನು?

ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮದಂತೆ 150 ಸೀಟಿನ ಕಾಲೇಜಿಗೆ 605 ಹಾಸಿಗೆಯ ಆಸ್ಪತ್ರೆ ಇರಬೇಕು, ಅದರಲ್ಲಿ ವರ್ಷದ ಸರಾಸರಿ ಶೇ. 80 ತುಂಬಿರಬೇಕು. ಈ ಎರಡು ಅಂಕಿ ತಲೆಯಲ್ಲಿಟ್ಟುಕೊಂಡು ವಾರ್ಡು ಸುತ್ತಿ. ನಿಮ್ಮ ಕಣ್ಣೇ ಹೇಳುತ್ತದೆ.

ಎರಡನೆಯದು ಕಲಿಸುವವರು. ಇದನ್ನು ಆಫೀಸಿನಲ್ಲಿ ಕೇಳಬೇಡಿ. ಹತ್ತಿರದ ಕ್ಯಾಂಟೀನಿನಲ್ಲಿ ಕೊರಳಿಗೆ ಸ್ಟೆತಸ್ಕೋಪ್ ಹಾಕಿಕೊಂಡು ಟೀ ಕುಡಿಯುತ್ತಿರುವ ಹೌಸ್ ಸರ್ಜನ್‌ಗಳನ್ನು, ಅಂದರೆ ಇಂಟರ್ನ್‌ಶಿಪ್ ಮಾಡುತ್ತಿರುವವರನ್ನು ಕೇಳಿ. ‘ಮೆಡಿಸಿನ್ ಪ್ರೊಫೆಸರ್ ರೌಂಡ್ಸಿಗೆ ಬರ್ತಾರಾ?’ ‘ನೀನು ಇದುವರೆಗೆ ಎಷ್ಟು ನಾರ್ಮಲ್ ಡೆಲಿವರಿ ಮಾಡಿದ್ದೀಯ?’ ‘ಹೊಲಿಗೆ ಹಾಕೋಕೆ ಬಿಡ್ತಾರಾ?’ ‘ಸ್ಟೈಪೆಂಡ್ ಸರಿಯಾಗಿ ಬರ್ತಿದೆಯಾ?’ ಉತ್ತರ ಬರುವ ಮೊದಲು ಅವರ ಮುಖದಲ್ಲೇ ಅರ್ಧ ಗೊತ್ತಾಗುತ್ತದೆ. ಮೂರನೆಯದು, ಅಲ್ಲಿ ಯಾವ ಯಾವ ವಿಭಾಗದಲ್ಲಿ ಪಿಜಿ ಇದೆ ಅನ್ನುವುದು. ಪಿಜಿ ವಿದ್ಯಾರ್ಥಿಗಳಿರುವ ವಾರ್ಡಿನಲ್ಲಿ ರಾತ್ರಿ ಎರಡಕ್ಕೂ ಸಂಶಯ ಕೇಳಲು ಒಬ್ಬ ಅಣ್ಣನೋ ಅಕ್ಕನೋ ಇರುತ್ತಾರೆ. ಎಂಬಿಬಿಎಸ್‌ನಲ್ಲಿ ನಾನು ಕಲಿತದ್ದರ ಅರ್ಧ ಪಾಲು ಅಂಥವರಿಂದ.

ಈಗ ನಮ್ಮ ಸುತ್ತಮುತ್ತ ನೋಡೋಣ. ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಶುರುವಾದದ್ದು 2006ರಲ್ಲಿ. ನಾವೆಲ್ಲ ಹಿಮ್ಸ್ ಅನ್ನುತ್ತೇವೆ. ಜಿಲ್ಲೆಯ ಎಂಟೂ ತಾಲ್ಲೂಕಿನ ರೋಗಿಗಳು ಕೊನೆಗೆ ಬಂದು ಸೇರುವುದು ಅಲ್ಲಿಗೇ. ಹೆದ್ದಾರಿ ಅಪಘಾತ, ಹಾವು ಕಡಿತ, ಬೆಳೆಗೆ ಹೊಡೆಯುವ ಔಷಧಿ ಕುಡಿದವರು, ಸಕಲೇಶಪುರ, ಆಲೂರು ಕಡೆ ಆನೆ ತುಳಿತಕ್ಕೆ ಸಿಕ್ಕವರು. ಇಂಥ ಪ್ರಕರಣಗಳನ್ನು ದೊಡ್ಡ ನಗರದ ಹೊಳೆಯುವ ಆಸ್ಪತ್ರೆಯಲ್ಲಿ ವಿದ್ಯಾರ್ಥಿಗೆ ಮುಟ್ಟಲು ಸಿಗುವುದು ಕಡಿಮೆ. ಚಿಕ್ಕಮಗಳೂರಿನ ಸರ್ಕಾರಿ ಕಾಲೇಜು 2022ರಲ್ಲಿ 150 ಸೀಟಿನೊಂದಿಗೆ ಆರಂಭವಾಯಿತು. ಹೊಸ ಕಾಲೇಜು ಅಂತ ಮೂಗು ಮುರಿಯುವವರಿದ್ದಾರೆ. ಹೊಸದರಲ್ಲಿ ಸೀನಿಯರ್‌ಗಳು ಕಡಿಮೆ, ಪಿಜಿ ವಿಭಾಗ ಬೆಳೆಯಲು ಸಮಯ ಬೇಕು ಅನ್ನುವುದು ನಿಜ. ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮಂಗನ ಕಾಯಿಲೆಯಂಥದ್ದನ್ನು ಓದುವುದಕ್ಕೆ ಮಲೆನಾಡಿಗಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಬೆಂಗಳೂರು ರಸ್ತೆಯಲ್ಲಿ ಸಿಗುವ ಬಿ.ಜಿ. ನಗರದ ಆದಿಚುಂಚನಗಿರಿ ಕಾಲೇಜು 1986ರದು, ಖಾಸಗಿ. ಮೈಸೂರು ವೈದ್ಯಕೀಯ ಕಾಲೇಜು 1924ರದು, ಕೆ.ಆರ್. ಆಸ್ಪತ್ರೆ ಅದರ ಬೆನ್ನಿಗಿದೆ. ಬೆಂಗಳೂರು ವೈದ್ಯಕೀಯ ಕಾಲೇಜಿಗೆ ವಿಕ್ಟೋರಿಯಾ, ವಾಣಿವಿಲಾಸ ಇವೆ. ಈ ಎರಡಕ್ಕೆ ರ‍್ಯಾಂಕು ಸಾಕಾದರೆ ಯೋಚನೆಯನ್ನೇ ಮಾಡಬೇಡಿ, ಹೋಗಿ.

ಮನೆಗೆ ಹತ್ತಿರ ಅನ್ನುವುದೂ ಒಂದು ಯೋಗ್ಯತೆಯೇ. ಮೊದಲ ವರ್ಷ ಅಳು ಬಾರದ ಮಕ್ಕಳಿಲ್ಲ. ಶನಿವಾರ ಸಂಜೆ ಬಸ್ಸು ಹತ್ತಿ ಅಮ್ಮನ ಕೈಯ ಅಕ್ಕಿರೊಟ್ಟಿ ತಿಂದು ಸೋಮವಾರ ಹಿಂತಿರುಗುವವರು ಪಾಸಾಗುವುದನ್ನು ನೋಡಿದ್ದೇನೆ. ದೂರದ ಕೀರ್ತಿಗೆ ಹೋಗಿ ಮನಸ್ಸು ಕುಗ್ಗಿ ಬಂದವರನ್ನೂ ನೋಡಿದ್ದೇನೆ.

ಇನ್ನೊಂದು: ಬೀದರ್, ರಾಯಚೂರು, ಕಲಬುರಗಿ, ಕೊಪ್ಪಳದಂಥ ಕಾಲೇಜುಗಳಲ್ಲಿ ಶೇ. 70 ಸೀಟು 371(ಜೆ) ವಿಧಿಯಡಿ ಆ ಭಾಗದವರಿಗೇ ಮೀಸಲು. ನಮ್ಮ ಪಾಲಿಗೆ ಉಳಿದಿರುವ ಸಾಲನ್ನು ನೋಡಿ ಆಸೆ ಇಟ್ಟುಕೊಳ್ಳಿ.

ಹೆಜ್ಜೆ 6: ಆಪ್ಷನ್ ಎಂಟ್ರಿ

ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಆನ್‌ಲೈನ್‌ನಲ್ಲಿ ತುಂಬುವುದೇ ಆಪ್ಷನ್ ಎಂಟ್ರಿ. ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ನಿಮ್ಮ ರ‍್ಯಾಂಕಿಗೆ ಸಿಗಬಹುದಾದ ಮೊದಲ ಸೀಟು ಕಂಡ ಕೂಡಲೇ ಅದನ್ನು ಕೊಟ್ಟು ನಿಲ್ಲುತ್ತದೆ. ಆದ್ದರಿಂದ ಸಿಗಲಾರದ್ದನ್ನು ಮೇಲೆ ಬರೆದರೆ ನಷ್ಟವಿಲ್ಲ. ಬೇಡದ್ದನ್ನು ಎಲ್ಲಿ ಬರೆದರೂ ಅಪಾಯ. ಶುಲ್ಕ ಕಟ್ಟಲಾಗದ ಸೀಟನ್ನು ‘ಇರಲಿ ಬಿಡು’ ಅಂತ ಸೇರಿಸಲೇಬೇಡಿ. ಹಿಂದಿನ ವರ್ಷದ ಕಟಾಫ್ ಅನ್ನು ಅಂಕದಿಂದ ನೋಡದೆ ರ‍್ಯಾಂಕಿನಿಂದ ನೋಡಿ. ಪ್ರಶ್ನೆಪತ್ರಿಕೆ ಕಷ್ಟವೋ ಸುಲಭವೋ ಅನ್ನುವುದರ ಮೇಲೆ ಅಂಕ ಏರಿಳಿಯುತ್ತದೆ.

ಸೀಟು ಹಂಚಿಕೆಯಾದ ಮೇಲೆ ಚಾಯ್ಸ್ ಕೇಳುತ್ತಾರೆ. ಒಂದನೆಯದು: ತೃಪ್ತಿ, ಸೇರುತ್ತೇನೆ. ಎರಡನೆಯದು: ಇದು ಇರಲಿ, ಇನ್ನೂ ಒಳ್ಳೆಯದು ಸಿಕ್ಕರೆ ಕೊಡಿ. ಮೂರನೆಯದು: ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. ನಾಲ್ಕನೆಯದು: ನಾನು ಹೊರಗೆ. ಎರಡನೆಯದನ್ನು ಒತ್ತಿದವರಿಗೆ ಮೇಲಿನ ಸೀಟು ಸಿಕ್ಕರೆ ಹಳೆಯದು ತಾನಾಗಿಯೇ ಕೈಬಿಡುತ್ತದೆ, ಆಮೇಲೆ ಅತ್ತರೂ ವಾಪಸ್ ಬರುವುದಿಲ್ಲ. ಸುತ್ತು ಮುಂದುವರಿದ ಹಾಗೆ ಹೊರಬರುವ ದಾರಿಯೂ ಕಿರಿದಾಗುತ್ತದೆ. ಠೇವಣಿ ಹೋಗುತ್ತದೆ, ಸೀಟು ಬಿಟ್ಟರೆ ದಂಡ ಬೀಳುತ್ತದೆ. ಎಂಸಿಸಿಯಲ್ಲಿ ಡೀಮ್ಡ್ ಕಾಲೇಜಿಗೆ ನೋಂದಾಯಿಸಲು ಎರಡು ಲಕ್ಷ ರೂಪಾಯಿ ಠೇವಣಿ ಇಡಬೇಕು ಅನ್ನುವುದನ್ನು ನೆನಪಿಡಿ.

ಈ ಕೆಲಸವನ್ನು ಸೈಬರ್ ಸೆಂಟರಿನ ಹುಡುಗನಿಗೆ ಬಿಡಬೇಡಿ. ಪಾಸ್‌ವರ್ಡ್, ಓಟಿಪಿ ಬರುವ ಫೋನು ನಿಮ್ಮ ಕೈಯಲ್ಲೇ ಇರಲಿ. ಈ ದಿನಗಳಲ್ಲೇ ‘ಮ್ಯಾನೇಜ್‌ಮೆಂಟಲ್ಲಿ ಒಂದು ಸೀಟಿದೆ, ಅಡ್ವಾನ್ಸ್ ಕೊಡಿ’ ಅನ್ನುವ ಫೋನುಗಳೂ ಬರುತ್ತವೆ. ಎಂಬಿಬಿಎಸ್‌ನ ಪ್ರತಿ ಸೀಟೂ ಕೌನ್ಸೆಲಿಂಗ್ ಮೂಲಕವೇ ತುಂಬಬೇಕು. ಹೊರಗೆ ದುಡ್ಡು ಕೇಳಿದವರು ಮೋಸಗಾರರು, ಅಷ್ಟೇ.

ಹೆಜ್ಜೆ 7: ಸೀಟು ಸಿಗಲಿಲ್ಲವೆಂದರೆ

ಅಂಕ ಗಡಿಯ ಹತ್ತಿರವಿದ್ದರೆ ಒಂದು ವರ್ಷ ರಿಪೀಟ್ ಮಾಡಿ. ಎರಡನೇ ಸಲವೂ ಆಗದಿದ್ದರೆ ಮೂರನೆಯದಕ್ಕೆ ಮುನ್ನ ಮಗುವಿನ ಮುಖ ನೋಡಿ ಮಾತಾಡಿ. ಆಯುರ್ವೇದ, ಬಿಎಸ್ಸಿ ನರ್ಸಿಂಗ್, ಫಿಸಿಯೋಥೆರಪಿ, ಅನಸ್ತೀಸಿಯಾ ಟೆಕ್ನಾಲಜಿ ಎಲ್ಲವೂ ಗೌರವದ ಕೆಲಸಗಳು. ನನ್ನ ಥಿಯೇಟರಿನ ಟೆಕ್ನಿಷಿಯನ್ ಹುಡುಗಿ ಇಲ್ಲದ ದಿನ ನನಗೆ ಕೈ ಕಟ್ಟಿದ ಹಾಗಾಗುತ್ತದೆ.

ವಿದೇಶಕ್ಕೆ ಹೋಗುವವರು 2021ರ ನಿಯಮ ಓದಲೇಬೇಕು. ನೀಟ್ ಅರ್ಹತೆ ಇರಬೇಕು. ಕೋರ್ಸು ಕನಿಷ್ಠ 54 ತಿಂಗಳು, ಇಂಗ್ಲಿಷ್ ಮಾಧ್ಯಮದಲ್ಲಿ, ಅಲ್ಲೇ 12 ತಿಂಗಳ ಇಂಟರ್ನ್‌ಶಿಪ್. ವಾಪಸ್ ಬಂದು ವಿದೇಶದಲ್ಲಿ ಓದಿದವರಿಗೆಂದೇ ಇರುವ, 300ಕ್ಕೆ 150 ಅಂಕ ಬೇಕಾದ ಎಫ್‌ಎಂಜಿಇ ಪರೀಕ್ಷೆ ಪಾಸಾಗಬೇಕು, ಆಮೇಲೆ ಇಲ್ಲಿ ಮತ್ತೆ ಇಂಟರ್ನ್‌ಶಿಪ್. ಏಜೆಂಟ್ ಹೇಳುವ ‘ಒಟ್ಟು ಪ್ಯಾಕೇಜ್’ನಲ್ಲಿ ಈ ಕೊನೆಯ ಎರಡು ವರ್ಷ ಇರುವುದೇ ಇಲ್ಲ.

ಹೆಜ್ಜೆ 8: ಎಂಬಿಬಿಎಸ್ ಒಳಗೆ

ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ. ಇದನ್ನು ನಾಲ್ಕು ಪ್ರಯತ್ನದೊಳಗೆ ದಾಟಬೇಕು, ಇಡೀ ಕೋರ್ಸು ಒಂಬತ್ತು ವರ್ಷದೊಳಗೆ. ಹಾಜರಾತಿ ಥಿಯರಿಗೆ ಶೇ. 75, ಪ್ರಾಯೋಗಿಕಕ್ಕೆ ಶೇ. 80. ಒಂದು ಸಲ ಫೇಲಾಗಿ ಆರು ತಿಂಗಳು ಹಿಂದೆ ಬಿದ್ದರೆ ಇಂಟರ್ನ್‌ಶಿಪ್ ಮುಗಿಯುವ ದಿನಾಂಕ ತಪ್ಪಿ ನೀಟ್ ಪಿಜಿ ಒಂದು ಇಡೀ ವರ್ಷ ಮುಂದಕ್ಕೆ ಹೋಗಬಹುದು. ಅದಕ್ಕೇ ಮೊದಲ ವರ್ಷ ಹಗುರವಾಗಿ ನೋಡಬೇಡಿ.

ಎರಡನೇ ವರ್ಷದ ಪೆಥಾಲಜಿ, ಫಾರ್ಮಕಾಲಜಿ ಮುಂದಿನ ಎಲ್ಲಕ್ಕೂ ಪಾಯ. ಅಲ್ಲಿಂದಲೇ ಬೆಳಿಗ್ಗೆಯ ವಾರ್ಡು ಪೋಸ್ಟಿಂಗ್ ತಪ್ಪಿಸದೆ ಹೋಗಿ. ಕೊನೆಯ ವರ್ಷ ಎಲ್ಲರೂ ಪಿಜಿ ಕೋಚಿಂಗ್ ಆ್ಯಪ್ ಹಿಡಿದು ಗ್ರಂಥಾಲಯ ಸೇರುತ್ತಾರೆ, ಇಂಟರ್ನ್‌ಶಿಪ್‌ನಲ್ಲೂ ಡ್ಯೂಟಿ ತಪ್ಪಿಸಿ ಓದುತ್ತಾರೆ. ಇದು ನನಗೆ ನಿಜವಾಗಿಯೂ ಸಂಕಟ ತರುವ ವಿಷಯ. ಯಾವ ವಿಭಾಗ ನಿಮಗೆ ಒಗ್ಗುತ್ತದೆ ಅನ್ನುವುದು ಗೊತ್ತಾಗುವುದು ಆ ಒಂದು ವರ್ಷದಲ್ಲಿ ಮಾತ್ರ.

ಹೆಜ್ಜೆ 9: ಯಾವ ತಜ್ಞ?

ನಾನು ಓದಿಗೆ ಸೇರುವಾಗ ಮಕ್ಕಳ ಡಾಕ್ಟರಾಗಬೇಕೆಂದಿದ್ದೆ. ಇಂಟರ್ನ್‌ಶಿಪ್‌ನಲ್ಲಿ ಒಂದು ತಾಲ್ಲೂಕು ಆಸ್ಪತ್ರೆಯ ಪೋಸ್ಟಿಂಗ್. ಮಳೆಗಾಲದ ರಾತ್ರಿ ಹೆರಿಗೆಗೆ ಬಂದ ಹುಡುಗಿಗೆ ರಕ್ತಸ್ರಾವ ಶುರುವಾಯಿತು. ಹೆರಿಗೆ ತಜ್ಞರು ಕೈ ತೊಳೆದು ನಿಂತಿದ್ದರು, ಥಿಯೇಟರ್ ಇತ್ತು, ದೀಪ ಇತ್ತು. ಅರಿವಳಿಕೆ ಕೊಡುವವರು ಇರಲಿಲ್ಲ. ಆಂಬ್ಯುಲೆನ್ಸಿನಲ್ಲಿ ನಾನೂ ಹತ್ತಿ, ಡ್ರಿಪ್ ಬಾಟಲಿ ಎತ್ತಿ ಹಿಡಿದು ಜಿಲ್ಲಾ ಆಸ್ಪತ್ರೆಗೆ ಹೋದೆ. ಅಷ್ಟು ದೂರವೂ ಆ ಹುಡುಗಿಯ ಅತ್ತೆ ನನ್ನ ಕೈ ಬಿಡಲಿಲ್ಲ. ತಾಯಿ, ಮಗು ಇಬ್ಬರೂ ಉಳಿದರು. ನನ್ನ ವಿಭಾಗ ಯಾವುದು ಅಂತ ಆ ದಾರಿಯಲ್ಲೇ ತೀರ್ಮಾನವಾಯಿತು.

ಎಲ್ಲರಿಗೂ ಹೀಗೆ ಒಂದೇ ರಾತ್ರಿಯಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಒಂದು ಉಪಾಯ: ಪ್ರತಿ ಪೋಸ್ಟಿಂಗಿನ ಅತಿ ಕೆಟ್ಟ ಡ್ಯೂಟಿ ಮುಗಿದ ಬೆಳಿಗ್ಗೆ, ಮಲಗುವ ಮುನ್ನ, ಡೈರಿಯಲ್ಲಿ ಎರಡು ಸಾಲು ಬರೆಯಿರಿ. ಈ ಕೆಲಸ ನಲವತ್ತೈದನೇ ವಯಸ್ಸಿನಲ್ಲೂ ಮಾಡಬಲ್ಲೆನಾ? ಇಂದು ಬೇಸರ ತಂದದ್ದು ದಣಿವೋ, ಕೆಲಸವೋ? ವರ್ಷದ ಕೊನೆಗೆ ಆ ಪುಟಗಳನ್ನು ಒಟ್ಟಿಗೆ ಓದಿ.

ಕೇಳಬೇಕಾದ ಇನ್ನೂ ಕೆಲವು ಪ್ರಶ್ನೆಗಳಿವೆ. ಈ ವಿಭಾಗದವರು ಒಬ್ಬರೇ ಒಂದು ರೂಮಿನಲ್ಲಿ ಕ್ಲಿನಿಕ್ ಇಡಬಹುದೇ, ಆಸ್ಪತ್ರೆಯನ್ನೇ ಆತುಕೊಂಡಿರಬೇಕೇ? ಚರ್ಮರೋಗ, ಮಕ್ಕಳ ವಿಭಾಗ ಮೊದಲ ಗುಂಪು, ನನ್ನದು ಎರಡನೆಯದು. ರಾತ್ರಿ ಎಬ್ಬಿಸುತ್ತಾರೆಯೇ? ಹೆರಿಗೆ ತಜ್ಞರನ್ನು ಜೀವನವಿಡೀ ಎಬ್ಬಿಸುತ್ತಾರೆ. ಯಂತ್ರಕ್ಕೆ ಎಷ್ಟು ಬಂಡವಾಳ? ರೇಡಿಯಾಲಜಿಯಲ್ಲಿ ಅದು ದೊಡ್ಡ ಮಾತು, ಸ್ಕ್ಯಾನಿಂಗ್‌ಗೆ 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯಿದೆಯ ನೋಂದಣಿಯೂ ಬೇಕು. ಮುಂದೆ ಡಿಎಂ ಮಾಡುವ ಆಸೆ ಇದೆಯೇ? ಹೃದಯ ತಜ್ಞರಾಗಲು ಸಾಮಾನ್ಯ ದಾರಿ ಎಂಡಿ ಮೆಡಿಸಿನ್ ಮೂಲಕ. 2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿ ಹಬ್ಬಿದಾಗ ಜನ ತಪಾಸಣೆಗೆ ಮೈಸೂರಿನ ಜಯದೇವಕ್ಕೆ ಸಾಲುಗಟ್ಟಿ ಹೋದದ್ದನ್ನು ನೋಡಿದೆವು. ಆ ತಜ್ಞತೆ ಎಲ್ಲಿದೆ, ಎಲ್ಲಿಲ್ಲ ಅನ್ನುವುದು ಅದರಲ್ಲೇ ಕಾಣುತ್ತಿತ್ತು.

ಹೆಜ್ಜೆ 10: ಪಿಜಿ ಸೀಟು

ನೀಟ್ ಪಿಜಿಯಲ್ಲಿ 200 ಪ್ರಶ್ನೆ, 800 ಅಂಕ, ಮೂರೂವರೆ ಗಂಟೆ, ಕಂಪ್ಯೂಟರ್ ಮುಂದೆ. ಸರ್ಕಾರಿ ಕಾಲೇಜಿನ ಅರ್ಧ ಸೀಟು ಅಖಿಲ ಭಾರತಕ್ಕೆ, ಇನ್ನರ್ಧ ಕೆಇಎಗೆ. ಏಮ್ಸ್, ಜಿಪ್ಮರ್, ಚಂಡೀಗಢದ ಪಿಜಿಐ, ನಮ್ಮ ನಿಮ್ಹಾನ್ಸ್ ಸೇರಲು ವರ್ಷಕ್ಕೆ ಎರಡು ಸಲ ಐಎನ್‌ಐ-ಸಿಇಟಿ ಬೇರೆಯೇ ನಡೆಯುತ್ತದೆ. ಬಹಳ ಮಂದಿ ಅದಕ್ಕೆ ಅರ್ಜಿ ಹಾಕುವುದನ್ನೇ ಮರೆಯುತ್ತಾರೆ. ರಾಷ್ಟ್ರೀಯ ಪರೀಕ್ಷಾ ಮಂಡಳಿ ಕೊಡುವ ಪಿಜಿ ಪದವಿಯಾದ ಡಿಎನ್‌ಬಿಯನ್ನು ಕೀಳಾಗಿ ನೋಡಬೇಡಿ. ಅದೂ ಮೂರು ವರ್ಷ, ಎಂಡಿ, ಎಂಎಸ್‌ಗೆ ಸಮಾನ, ಕೆಲಸ ಹೆಚ್ಚಿರುವ ಆಸ್ಪತ್ರೆಯಲ್ಲಿ ಸಿಕ್ಕರೆ ಕೈ ಚೆನ್ನಾಗಿ ಪಳಗುತ್ತದೆ. ಎಂಬಿಬಿಎಸ್ ನಂತರ ಎರಡು ವರ್ಷದ ಡಿಪ್ಲೊಮಾ ಕೂಡ ಕೆಲವು ವಿಭಾಗಗಳಲ್ಲಿ ಇದೆ. ಆಮೇಲೆ ಎರಡು ವರ್ಷದಲ್ಲಿ ಡಿಎನ್‌ಬಿ ಮಾಡಿಕೊಳ್ಳಬಹುದು. ನರಶಸ್ತ್ರಚಿಕಿತ್ಸೆಯಂಥ ಕೆಲವಕ್ಕೆ ಎಂಬಿಬಿಎಸ್‌ನಿಂದ ನೇರವಾಗಿ ಆರು ವರ್ಷದ ದಾರಿಯೂ ಇದೆ.

‘ವಿಭಾಗ ಮುಖ್ಯವೋ, ಕಾಲೇಜು ಮುಖ್ಯವೋ?’ ಎಂಬಿಬಿಎಸ್‌ನಲ್ಲಿ ಕಾಲೇಜು, ಪಿಜಿಯಲ್ಲಿ ವಿಭಾಗ. ಇಷ್ಟವಿಲ್ಲದ ವಿಭಾಗವನ್ನು ಹೆಸರಾಂತ ಕಾಲೇಜಿನಲ್ಲಿ ಹಿಡಿದರೆ ಮೂವತ್ತು ವರ್ಷ ಅದನ್ನೇ ಮಾಡಬೇಕು. ಆದರೆ ಶಸ್ತ್ರಚಿಕಿತ್ಸೆಯ ವಿಭಾಗಗಳಲ್ಲಿ ಒಂದು ಪ್ರಶ್ನೆ ಕೇಳದೆ ಸೇರಬೇಡಿ: ಮೂರನೇ ವರ್ಷದ ಪಿಜಿ ತನ್ನ ಕೈಯಾರೆ ಎಷ್ಟು ಆಪರೇಷನ್ ಮಾಡಿದ್ದಾನೆ?

ಬಾಂಡ್ ಓದಿ ಸಹಿ ಹಾಕಿ. ಮಧ್ಯದಲ್ಲಿ ಬಿಟ್ಟರೆ ಕಟ್ಟಬೇಕಾದ ದಂಡ ಎಷ್ಟು, ಸರ್ಕಾರಿ ಸೇವೆ ಎಷ್ಟು ಕಾಲ. ಕರ್ನಾಟಕದ ಕಡ್ಡಾಯ ಸೇವೆಯ ಕಾಯಿದೆ 2012ರದು, ಆಮೇಲೆ ತಿದ್ದುಪಡಿ ಆಗಿದೆ. ನೀವು ಸೇರುವ ವರ್ಷದ ಆದೇಶವನ್ನೇ ಓದಬೇಕು. ಆ ಸೇವೆಯನ್ನು ಶಿಕ್ಷೆ ಅಂದುಕೊಳ್ಳುವವರ ಜೊತೆ ನನಗೆ ಒಪ್ಪಿಗೆಯಿಲ್ಲ. ಒಬ್ಬರೇ ನಿರ್ಧಾರ ಮಾಡುವ ಧೈರ್ಯ ನನಗೆ ಬಂದದ್ದು ಅಲ್ಲೇ.

ಹೆಜ್ಜೆ 11: ಪದವಿ ಕೈಗೆ ಬಂದ ಮೇಲೆ

ಎಂಡಿ ಪಾಸಾದ ಸಂಭ್ರಮದಲ್ಲಿ ಒಂದು ಕೆಲಸ ಮರೆಯಬೇಡಿ. ಹೊಸ ಪದವಿಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿಸಬೇಕು. ಅದಾಗದೆ ಬೋರ್ಡಿನಲ್ಲಿ ತಜ್ಞ ಅಂತ ಬರೆಸುವಂತಿಲ್ಲ. ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ಒಂದು ವರ್ಷ ಸೀನಿಯರ್ ರೆಸಿಡೆಂಟ್ ಆಗಿ ಕೆಲಸ ಮಾಡಿ, ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸಾಮಾನ್ಯವಾಗಿ ಅದನ್ನು ಕೇಳುತ್ತಾರೆ. ಸ್ವಂತ ಕ್ಲಿನಿಕ್‌ಗೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಡಿ ಜಿಲ್ಲಾ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಿಕೊಳ್ಳಿ.

ಸರ್ಕಾರಿ ಸೇವೆಗೆ ಬರುವವರು ಪೋಸ್ಟಿಂಗ್ ಒಪ್ಪಿಕೊಳ್ಳುವ ಮುನ್ನ ಆ ತಾಲ್ಲೂಕು ಆಸ್ಪತ್ರೆಗೆ ಒಮ್ಮೆ ಹೋಗಿ ಬನ್ನಿ. ಹೆರಿಗೆ ತಜ್ಞರು, ಮಕ್ಕಳ ತಜ್ಞರು, ಅರಿವಳಿಕೆ ತಜ್ಞರು, ಈ ಮೂವರೂ ಇದ್ದಾರೆಯೇ, ರಕ್ತ ಎಲ್ಲಿಂದ ಬರುತ್ತದೆ, ಆಕ್ಸಿಜನ್ ಪೈಪು ಥಿಯೇಟರಿನವರೆಗೆ ಇದೆಯೇ ನೋಡಿ. ಅಣ್ಣನ ಮಗಳಿಗೆ ಇಷ್ಟು ಹೇಳಿ ಮುಗಿಸುವಾಗ ಅವಳ ನೋಟ್‌ಬುಕ್ಕಿನ ಹದಿನೇಳು ಪುಟ ತುಂಬಿತ್ತು. ಮೊದಲ ಪುಟಕ್ಕೆ ತಿರುಗಿ ಅವಳು ‘ಬಿಇಒ ಸಹಿ’ ಅನ್ನುವುದರ ಕೆಳಗೆ ಎರಡು ಗೆರೆ ಎಳೆದಳು. ಸೋಮವಾರ ಅವಳ ಜೊತೆ ಬೇಲೂರಿಗೆ ಹೋಗಲು ಡ್ಯೂಟಿ ಬದಲಾಯಿಸಿಕೊಂಡಿದ್ದೇನೆ.